ಮೇಲೇರುವ ಬಿಸಿಗಾಳಿಯೂ ಬೇಸಗೆಯ ಗುಡುಗುಮಳೆಯೂ

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಬಯಲುಸೀಮೆಯ ಹವೆ ಹೇಗಿರುತ್ತದೆಂಬುದನ್ನು ಎಲ್ಲರೂ ಬಲ್ಲೆವು. ಬೆಳಿಗ್ಗೆ ಆಕಾಶ ಶುಭ್ರವಾಗಿರುತ್ತದೆ. ಮಧ್ಯಾಹ್ನ ಎಲೆಯೂ ಅಲುಗದಂಥ ಸೆಕೆ. ಸಂಜೆ ನಾಲ್ಕೈದು ಗಂಟೆಯ ಹೊತ್ತಿಗೆ ಧೂಳೆಬ್ಬಿಸುವ ಗಾಳಿ ಬೀಸಿ, ಗುಡುಗು ಸಿಡಿಲಿನೊಡನೆ ಮಳೆ ಸುರಿಯುತ್ತದೆ. ರೈತರು ಇದನ್ನು ಅಶ್ವಿನಿ, ಭರಣಿ, ಕೃತ್ತಿಕೆ ಎಂದು ನಕ್ಷತ್ರಗಳ ಹೆಸರಿನಿಂದ ಕರೆಯುತ್ತಾರೆ. ಬೆಳಿಗ್ಗೆ ಇಲ್ಲದ ಮೋಡ ಸಂಜೆಗೆ ಎಲ್ಲಿಂದ ಬಂದಿತು?

ಸೂರ್ಯನ ಕಿರಣಗಳು ಗಾಳಿಯನ್ನು ನೇರವಾಗಿ ಕಾಯಿಸುವುದು ಸ್ವಲ್ಪ. ಅವು ಮೊದಲು ನೆಲವನ್ನು ಕಾಯಿಸುತ್ತವೆ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಆ ಗಾಳಿ ಹಿಗ್ಗಿ, ಹಗುರವಾಗಿ ಮೇಲೇರುತ್ತದೆ. ಆಗ ನೆಲದ ಬಳಿ ಒತ್ತಡ ತಗ್ಗುವುದರಿಂದ ಸುತ್ತಲಿನ ಗಾಳಿ ಅಲ್ಲಿಗೆ ಹರಿದುಬರುತ್ತದೆ. ಉತ್ತ ಹೊಲದಲ್ಲಿ ತರಗೆಲೆಗಳನ್ನೆತ್ತಿಕೊಂಡು ತಿರುಗುವ ಸುಳಿಗಾಳಿಯೂ, ಕರಾವಳಿಯಲ್ಲಿ ಹಗಲು ಕಡಲಿನಿಂದ ನೆಲದತ್ತ ಬೀಸುವ ಗಾಳಿಯೂ ಇದರಿಂದಲೇ ಹುಟ್ಟುತ್ತವೆ.

ಮೇಲೆ ಹೋದಂತೆ ಒತ್ತಡ ಕಡಿಮೆ. ಆದುದರಿಂದ ಏರುವ ಗಾಳಿ ಇನ್ನೂ ಹಿಗ್ಗಿ ತಣ್ಣಗಾಗುತ್ತದೆ. ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ಅದರ ಉಷ್ಣತೆ ಇಳಿಯುತ್ತದೆ. ಕೊನೆಗೆ ಅದರಲ್ಲಿರುವ ಆವಿ ಹನಿಗಟ್ಟಿ ಮೋಡವಾಗುತ್ತದೆ.

ಇಲ್ಲೊಂದು ವಿಶೇಷವಿದೆ. ನೀರು ಆವಿಯಾಗುವಾಗ ಹೀರಿಕೊಂಡಿದ್ದ ಶಾಖ, ಆವಿ ಮತ್ತೆ ನೀರಾಗುವಾಗ ಹೊರಬರುತ್ತದೆ. ಇದು ಗ್ರಾಮಿಗೆ ಸುಮಾರು 600 ಕ್ಯಾಲೊರಿಗಳಷ್ಟು. ಇದರಿಂದ ಮೋಡದೊಳಗಿನ ಗಾಳಿ ಸುತ್ತಲಿನ ಗಾಳಿಗಿಂತ ಬೆಚ್ಚಗೆ ಉಳಿದು, ಮತ್ತೂ ಮೇಲೇರುತ್ತದೆ. ಹೀಗೆ ಬೆಳೆದ ಗುಡುಗುಮೋಡದ ನೆತ್ತಿ 12 ಕಿಲೋಮೀಟರಿಗೂ ಹೆಚ್ಚು ಎತ್ತರ ಮುಟ್ಟಬಲ್ಲದು. ಗಾಳಿಯಲ್ಲಿ ಆವಿಯೇ ಸಾಲದಿದ್ದರೆ ಬಿಸಿಲು ಎಷ್ಟು ಸುಟ್ಟರೂ ಮಳೆಯಾಗದು.

ಮಳೆಹನಿ, ಆಲಿಕಲ್ಲುಗಳು ಬೀಳುವಾಗ ಮೋಡದ ತಣ್ಣನೆಯ ಗಾಳಿಯನ್ನೂ ಕೆಳಕ್ಕೆಳೆಯುತ್ತವೆ. ಅದು ನೆಲಕ್ಕೆ ಬಡಿದು ನಾಲ್ದೆಸೆಗೂ ಹರಡುತ್ತದೆ. ಮಳೆಗೆ ಮುಂಚೆ ನಮ್ಮ ಮುಖಕ್ಕೆ ತಾಗುವ ತಂಗಾಳಿ ಇದೇ. ಮೇಲೆ ಮಂಜಿನ ಹರಳುಗಳೂ ಆಲಿಕಲ್ಲುಗಳೂ ಒಂದಕ್ಕೊಂದು ತಾಕಿ ವಿದ್ಯುತ್ತು ಸಂಚಯವಾಗುತ್ತದೆ. ಅದು ನೆಲಕ್ಕೆ ಹರಿದಾಗ ಸಿಡಿಲು.

ಮಳೆ ಬಂದಾಗ ಹೊಲದ ಬದುವಿನ ಬೇವಿನ ಮರದಡಿ ನಿಲ್ಲುವುದು ನಮ್ಮ ತಂದೆಯವರ ವಾಡಿಕೆಯಾಗಿತ್ತು. ಸಿಡಿಲು ಎತ್ತರದ ವಸ್ತುಗಳನ್ನೇ ಹೆಚ್ಚಾಗಿ ಅರಸುವುದರಿಂದ ಬಯಲಿನ ಒಂಟಿಮರ ಆಶ್ರಯವಲ್ಲ, ಅಪಾಯ. ಮಳೆ ಇನ್ನೂ ದೂರವಿರುವಾಗಲೇ ಸಿಡಿಲು ಬೀಳಬಹುದು. ಗುಡುಗು ಕಿವಿಗೆ ಬಿದ್ದಿತೆಂದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆಯೆಂದೇ ತಿಳಿಯಬೇಕು. ಕೂಡಲೇ ಗಟ್ಟಿ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗಿನ ತರುವಾಯ 30 ನಿಮಿಷ ಕಾಯುವುದು ಕ್ಷೇಮ.

ಇದನ್ನು ಮನೆಯಲ್ಲಿ ಹೇಳಿದಾಗ ತಂದೆಯವರು ಮೊದಲು ನಕ್ಕರು. ಕಳೆದ ಬೇಸಗೆಯಲ್ಲಿ ಮಾತ್ರ ಮೊದಲ ಗುಡುಗಿಗೇ ಎತ್ತುಗಳನ್ನು ಹೊಡೆದುಕೊಂಡು ಮನೆಗೆ ಬಂದರು. ಓದಿದ್ದು ಸಾರ್ಥಕವಾಯಿತೆಂದು ನನಗನ್ನಿಸಿದ್ದು ಅಂದು.