ಮೇಲಿನ ಹಣ್ಣೇ ತಳದಲ್ಲೂ ಇರಲಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳದ ಕೊಳವೆ ಬಾವಿಗಳಿಂದ ಎತ್ತಿದ ನೀರನ್ನು ಹನಿಹನಿಯಾಗಿ ಉಣಿಸಿ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರು ಟೊಮೆಟೊ ಬೆಳೆಯುತ್ತಾರೆ. ಕೋಲಾರದ ಮಾರುಕಟ್ಟೆಯಿಂದ ಈ ಹಣ್ಣು ದೂರದ ರಾಜ್ಯಗಳಿಗೂ ಹೋಗುತ್ತದೆ. 2023ರ ಜುಲೈ ತಿಂಗಳಲ್ಲಿ ಇಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿಗಳನ್ನು ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ದಿನಗಳೂ ಉಂಟು. ಬೆಲೆ ರೈತನ ಕೈಯಲ್ಲಿಲ್ಲ. ಆದರೆ ತನ್ನ ಮಾಲಿಗೆ ಬರುವ ಹೆಸರು ಬಹುಮಟ್ಟಿಗೆ ಅವನ ಕೈಯಲ್ಲೇ ಇದೆ.

ತಳದ ಹಣ್ಣಿನ ಲೆಕ್ಕ

ಒಳ್ಳೆಯ ಹಣ್ಣನ್ನು ಮೇಲಿಟ್ಟು, ಒಡೆದ, ಹುಳು ಕೊರೆದ, ಸಣ್ಣ ಹಣ್ಣನ್ನು ತಳದಲ್ಲಿ ತುಂಬುವ ರೂಢಿ ಕೆಲವರಲ್ಲಿದೆ. ಇದರಿಂದ ಲಾಭವೆಷ್ಟು? ಉದಾಹರಣೆಗೆ, ಒಂದು ಕೊಯ್ಲಿಗೆ 100 ಬಾಕ್ಸ್ ಬಂದು, ಅದರಲ್ಲಿ 10 ಬಾಕ್ಸಿನಷ್ಟು ಎರಡನೇ ದರ್ಜೆಯ ಹಣ್ಣು ಇದೆಯೆನ್ನೋಣ. ಮೊದಲ ದರ್ಜೆಗೆ 300 ರೂಪಾಯಿ, ಎರಡನೆಯದಕ್ಕೆ 150 ರೂಪಾಯಿ ಬೆಲೆ ಇದ್ದರೆ, ಬೇರ್ಪಡಿಸಿ ಮಾರಿದಾಗ 28,500 ರೂಪಾಯಿ ಬರುತ್ತದೆ. ಬೆರೆಸಿ ಮಾರಿದರೆ 30,000 ರೂಪಾಯಿ. ಮುಚ್ಚಿಟ್ಟದ್ದರಿಂದ ದೊರೆತದ್ದು 1,500 ರೂಪಾಯಿ ಮಾತ್ರ.

ಆ ಬಾಕ್ಸನ್ನು ದೂರದ ಊರಿನಲ್ಲಿ ಸುರಿದಾಗ ತಳದ ಹಣ್ಣು ಮೇಲೆ ಬರುತ್ತದೆ. ಒಡೆದ ಹಣ್ಣಿನ ರಸ ತಗುಲಿ ದಾರಿಯಲ್ಲಿ ಒಳ್ಳೆಯವೂ ಕೊಳೆತಿರುತ್ತವೆ. ಮುಂದಿನ ಹರಾಜಿನಲ್ಲಿ ವ್ಯಾಪಾರಿ ಅದೇ ರೈತನ ಮಾಲಿಗೆ ಬಾಕ್ಸಿಗೆ 30 ರೂಪಾಯಿ ಕಡಿಮೆ ಕೂಗಿದರೂ 100 ಬಾಕ್ಸಿಗೆ 3,000 ರೂಪಾಯಿ ನಷ್ಟ. ಟೊಮೆಟೊ ಒಂದೇ ಕೊಯ್ಲಿನ ಬೆಳೆಯಲ್ಲ. ಉಳಿದ ಪ್ರತಿ ಕೊಯ್ಲಿನಲ್ಲೂ ಈ ನಷ್ಟ ಬೆನ್ನು ಹತ್ತುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಟೊಮೆಟೊ ಕೊಯ್ಲಿನಲ್ಲಿ ಅನುಸರಿಸಬೇಕಾದ ಕ್ರಮಗಳು

1. ದೂರದ ಮಾರುಕಟ್ಟೆಗಾದರೆ ತುದಿಯಲ್ಲಿ ಬಣ್ಣ ತಿರುಗಲು ಆರಂಭಿಸಿದ ಕಾಯಿಗಳನ್ನೂ, ಹತ್ತಿರದ ಊರಿಗಾದರೆ ಕೆಂಪಾದ ಹಣ್ಣುಗಳನ್ನೂ ಬಿಡಿಸಬೇಕು.

2. ಇಬ್ಬನಿ ಆರಿದ ಮೇಲೆ ಬೆಳಗಿನ ತಂಪಿನಲ್ಲಿ ಕೊಯ್ದು ನೆರಳಿನಲ್ಲಿಡಬೇಕು.

3. ನೆರಳಿನಲ್ಲೇ ಗಾತ್ರ ಮತ್ತು ಬಣ್ಣಕ್ಕೆ ತಕ್ಕಂತೆ ವಿಂಗಡಿಸಬೇಕು. ಕೊಳೆತವನ್ನು ಹೊಲದಲ್ಲಿ ಬಿಡದೆ ಗುಂಡಿಯಲ್ಲಿ ಹೂಳಬೇಕು.

4. ಬಿಡಿಸುವ ಆಳುಗಳಿಗೆ ಯಾವುದು ಯಾವ ದರ್ಜೆಯೆಂದು ಮೊದಲೇ ತೋರಿಸಿಕೊಡಬೇಕು. ಅವಸರ ಮಾಡಿಸಿದರೆ ಹಣ್ಣು ಎಸೆದು ತುಂಬುವುದು ಸಹಜ.

5. ಔಷಧಿ ಸಿಂಪಡಿಸಿದ ಮೇಲೆ ಚೀಟಿಯಲ್ಲಿ ಸೂಚಿಸಿದಷ್ಟು ದಿನ ಕಳೆಯದೆ ಕೊಯ್ಯಬಾರದು. ಇದನ್ನು ಕೊಳ್ಳುವವನ ಕಣ್ಣು ಕಾಣದು. ರೈತನೇ ಕಾಯ್ದುಕೊಳ್ಳಬೇಕಾದ ಪ್ರಾಮಾಣಿಕತೆ ಇದು.

ಶ್ರೀನಿವಾಸಪುರದ ಮಾವು

ಶ್ರೀನಿವಾಸಪುರದ ಹೆಸರು ಮಾವಿನೊಂದಿಗೆ ಬೆರೆತುಹೋಗಿದೆ. ಋತುವಿನ ಆರಂಭದ ಹೆಚ್ಚಿನ ಬೆಲೆಗೆ ಆಸೆಪಟ್ಟು ಬಲಿಯದ ಬಾದಾಮಿ, ರಸಪುರಿ ಕಾಯಿಗಳನ್ನು ಕಿತ್ತು ಕಾರ್ಬೈಡ್ ಇಟ್ಟರೆ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಹುಳಿಯಾಗಿಯೇ ಉಳಿಯುತ್ತದೆ. ಒಮ್ಮೆ ಕೊಂಡು ಮೋಸಹೋದವರು ಆ ತೋಟದ ಹೆಸರನ್ನಲ್ಲ, ಊರಿನ ಹೆಸರನ್ನೇ ದೂರುತ್ತಾರೆ. ಒಬ್ಬನ ಆತುರಕ್ಕೆ ನೆರೆಯ ತೋಟದವರೂ ಬೆಲೆ ತೆರಬೇಕಾಗುತ್ತದೆ. ಅಲ್ಲದೆ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಅಂಶವಿರುವುದರಿಂದ ಹಣ್ಣು ಮಾಗಿಸಲು ಅದರ ಬಳಕೆಯನ್ನು ಕಾನೂನು ನಿಷೇಧಿಸಿದೆ.

ತೊಟ್ಟಿನ ಸುತ್ತ ಭುಜ ಉಬ್ಬಿದ ಕಾಯಿ ಬಲಿತದ್ದು. ಸಂಶಯವಿದ್ದರೆ ಕೆಲವು ಕಾಯಿಗಳನ್ನು ನೀರಿಗೆ ಹಾಕಿ ನೋಡಬಹುದು. ಬಲಿತವು ಮುಳುಗುತ್ತವೆ, ಎಳೆಯವು ತೇಲುತ್ತವೆ. ತೊಟ್ಟು ಉಳಿಸಿ ಕೊಯ್ದು, ಸೊನೆ ಸಿಪ್ಪೆಗೆ ತಾಗದಂತೆ ಬಸಿಯಬೇಕು. ಬೇಗ ಮಾಗಿಸಬೇಕಾದರೆ ಎಥಿಲೀನ್ ಅನಿಲದ ಕೋಣೆಗಳಿವೆ. ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗದವರೆಗೆ ಎಥಿಲೀನ್ ಬಳಸಲು ಅನುಮತಿಯಿದೆ. ಹುಲ್ಲಿನಲ್ಲಿಟ್ಟು ಮಾಗಿಸುವ ಹಳೆಯ ಪದ್ಧತಿಯೂ ಚೆನ್ನಾಗಿದೆ.

ವಿಸ್ತರಣಾ ಕಾರ್ಯಕರ್ತರು ಇವನ್ನು ಭಾಷಣದಲ್ಲಿ ಹೇಳುವುದಕ್ಕಿಂತ, ಒಂದು ಕೊಯ್ಲಿನ ದಿನ ಹೊಲದಲ್ಲಿ ಕುಳಿತು ವಿಂಗಡಿಸಿ ತೋರಿಸುವುದು ಮೇಲು. ಆ ದಿನದ ಪಟ್ಟಿ ಚೀಟಿಗಳನ್ನು ರೈತರು ಜೋಪಾನವಾಗಿಟ್ಟು, ಬೆಳೆ ಮುಗಿದಾಗ ಒಟ್ಟು ಲೆಕ್ಕ ಹಾಕಿ ನೋಡಲಿ. ಬಾಕ್ಸಿನ ತಳವನ್ನು ಯಾರೇ ತೆರೆದರೂ ತಲೆ ತಗ್ಗಿಸಬೇಕಾಗಿಲ್ಲದ ಬೆಳೆಗಾರನ ಮಾಲಿಗೆ, ಮಾರುಕಟ್ಟೆ ಕುಸಿದ ದಿನವೂ ಮೊದಲು ಕೇಳುವವರು ಇರುತ್ತಾರೆ.