ಕರೆದಾಗ ಬರುವ ನಾಯಿ

ಶಿಕ್ಷಣ, ಶಿಕ್ಷೆ ಎಂಬ ಎರಡು ಶಬ್ದಗಳೂ ಸಂಸ್ಕೃತದ ಒಂದೇ ಧಾತುವಿನಿಂದ ಹುಟ್ಟಿದವು. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ಕನ್ನಡದಲ್ಲಿ ಅದೇ ಶಬ್ದವು ದಂಡನೆ ಎಂಬ ಅರ್ಥವನ್ನು ಪಡೆಯಿತು. ಕಲಿಸುವುದೆಂದರೆ ದಂಡಿಸುವುದು ಎಂಬ ಭಾವನೆ ಮಕ್ಕಳ ವಿಷಯದಲ್ಲಿ ಇಂದು ಬಹುಮಟ್ಟಿಗೆ ಸಡಿಲಗೊಂಡಿದೆ. ಸಾಕುನಾಯಿಯ ವಿಷಯದಲ್ಲಿ ಮಾತ್ರ ಅದು ಅನೇಕ ಮನೆಗಳಲ್ಲಿ ಹಾಗೆಯೇ ಉಳಿದಿದೆ.

ಮನೆಯ ಗೇಟು ತೆರೆದೊಡನೆ ನಾಯಿ ಬೀದಿಗೆ ಓಡುತ್ತದೆ. ರಸ್ತೆಯಲ್ಲಿ ಬಸ್ಸು ಲಾರಿಗಳ ಸಂಚಾರ. ಯಜಮಾನನು ಗಾಬರಿಯಿಂದ ಕೂಗುತ್ತಾನೆ. ನಾಯಿ ತಿರುಗಿಯೂ ನೋಡುವುದಿಲ್ಲ. ಬಹಳ ಹೊತ್ತಿನ ಮೇಲೆ ಅದು ತಾನಾಗಿಯೇ ಹಿಂದಿರುಗಿದಾಗ ಬೆನ್ನಿನ ಮೇಲೆ ಎರಡು ಏಟು ಬೀಳುತ್ತವೆ. ಓಡಿಹೋದ ತಪ್ಪಿಗೆ ತಕ್ಕ ಶಾಸ್ತಿಯಾಯಿತೆಂದು ಯಜಮಾನನ ಎಣಿಕೆ. ನಾಯಿಯ ಲೆಕ್ಕವೇ ಬೇರೆ. ಏಟು ಬಿದ್ದುದು ಓಡಿದಾಗಲ್ಲ, ಬಳಿಗೆ ಬಂದಾಗ. ಆದುದರಿಂದ ಮರುದಿನ ಅದು ಇನ್ನಷ್ಟು ದೂರದಲ್ಲಿಯೇ ನಿಲ್ಲುತ್ತದೆ. ಇದನ್ನು ನಾಯಿಯ ಹಟವೆನ್ನುವವರುಂಟು. ನಿಜವಾಗಿ ನೋಡಿದರೆ ನಾಯಿ ತನಗೆ ಕಲಿಸಿದ ಪಾಠವನ್ನು ಚೆನ್ನಾಗಿಯೇ ಕಲಿತಿದೆ.

ಪ್ರಾಣಿಗಳು ಕಲಿಯುವ ಈ ರೀತಿಯನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತೋರಿಸಿಕೊಟ್ಟನು. ಹಸಿದ ಬೆಕ್ಕನ್ನು ಪೆಟ್ಟಿಗೆಯೊಂದರಲ್ಲಿ ಕೂಡಿ, ಹೊರಗೆ ಆಹಾರವನ್ನಿಟ್ಟನು. ಬೆಕ್ಕು ಪರಚಿ, ಕಚ್ಚಿ, ಕೊನೆಗೆ ಆಕಸ್ಮಿಕವಾಗಿ ಅಗಣಿಯನ್ನು ಬಿಡಿಸಿತು. ಮತ್ತೆ ಮತ್ತೆ ಕೂಡಿದಾಗ ಹೊರಬರಲು ಅದಕ್ಕೆ ಬೇಕಾದ ಸಮಯವು ಕಡಿಮೆಯಾಗುತ್ತ ಬಂದಿತು. ಸುಖಫಲವನ್ನು ಕೊಟ್ಟ ವರ್ತನೆ ಮರುಕಳಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಅನಂತರ ಬಿ. ಎಫ್. ಸ್ಕಿನ್ನರ್ ಈ ತತ್ತ್ವವನ್ನು ವಿಸ್ತರಿಸಿದನು. ಪ್ರಾಣಿಗಳಿಗೆ ಕಲಿಸುವುದು ಹೇಗೆಂಬುದನ್ನು ಕುರಿತು 1951ರಲ್ಲಿ ಬರೆದ ಲೇಖನದಲ್ಲಿ ಆತನು ಟಿಕ್ ಟಿಕ್ ಎಂದು ಸದ್ದುಮಾಡುವ ಮಕ್ಕಳ ಆಟಿಕೆಯೊಂದನ್ನು ಬಳಸಬಹುದೆಂದು ಸೂಚಿಸಿದನು. ಸದ್ದಿನ ಬೆನ್ನಲ್ಲೇ ಆಹಾರ ದೊರೆಯುತ್ತಿದ್ದರೆ, ‘ಈಗ ಮಾಡಿದ್ದು ಸರಿ’ ಎಂಬ ಸಂಕೇತವಾಗಿ ಆ ಸದ್ದೇ ಕೆಲಸಮಾಡುತ್ತದೆ. ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸಿದ ಕ್ಯಾರನ್ ಪ್ರಯರ್ ಅದೇ ಕಾರ್ಯಕ್ಕೆ ಸೀಟಿಯನ್ನು ಬಳಸಿದಳು. ನೀರಿನಲ್ಲಿ ಈಜಿ ದೂರ ಸರಿಯುವ ಪ್ರಾಣಿಗೆ ಸರಪಳಿ ಹಾಕುವುದೆಲ್ಲಿ, ಕೋಲು ತೋರಿಸುವುದೆಲ್ಲಿ! 1984ರಲ್ಲಿ ಪ್ರಕಟವಾದ ಆಕೆಯ ಪುಸ್ತಕದಿಂದ ಈ ವಿಧಾನವು ನಾಯಿ ಸಾಕುವವರಲ್ಲಿಯೂ ಪ್ರಚಾರಕ್ಕೆ ಬಂದಿತು.

ಮನೆಯಲ್ಲಿ ಇದಕ್ಕಾಗಿ ಪ್ರತ್ಯೇಕ ವೇಳೆಯನ್ನು ಮೀಸಲಿಡಬೇಕಾಗಿಲ್ಲ. ನಾಯಿಯ ದಿನದ ಆಹಾರದಲ್ಲಿಯೇ ಒಂದು ಹಿಡಿಯನ್ನು ತೆಗೆದಿಟ್ಟುಕೊಂಡರೆ ಸಾಕು. ಮೈ ಕೊಬ್ಬುವ ಭಯವೂ ಇರುವುದಿಲ್ಲ. ಚಾಕೊಲೇಟು, ಒಣದ್ರಾಕ್ಷಿ, ಈರುಳ್ಳಿಗಳು ಮಾತ್ರ ನಾಯಿಗೆ ವಿಷಸಮಾನ. ಮೊದಲು ಮನೆಯೊಳಗೆ ಎರಡು ಹೆಜ್ಜೆಯ ದೂರದಿಂದ ಕರೆಯಬೇಕು. ಬಂದ ಕೂಡಲೇ, ತಡಮಾಡದೆ, ಒಂದು ಚೂರನ್ನು ಕೊಡಬೇಕು. ಅನಂತರ ಅಂಗಳ, ಆಮೇಲೆ ಉದ್ದನೆಯ ಹಗ್ಗ ಕಟ್ಟಿದ ಬಯಲು. ತಟ್ಟೆ ಇಡುವ ಮುನ್ನ ಕೂರುವುದು, ಗೇಟು ತೆರೆಯುವ ಮುನ್ನ ನಿಲ್ಲುವುದು ಇವೂ ಹೀಗೆಯೇ ಅಭ್ಯಾಸವಾಗುತ್ತವೆ. ಅಲ್ಲಿ ತಟ್ಟೆಯೇ ಬಹುಮಾನ, ತೆರೆದ ಗೇಟೇ ಬಹುಮಾನ.

ಬಹುಮಾನವೆಂದರೆ ತಿನಿಸೊಂದೇ ಎಂದು ತಿಳಿಯಬಾರದು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ನೋಡಿ. ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟುವುದಕ್ಕೆಂದೇ ಬೆಳೆಸಿದ ತಳಿ ಅದು. ಅದಕ್ಕೆ ಓಟವೇ ಪರಮ ಸುಖ. ಮೊಲವನ್ನು ಕಂಡಾಗ ರೊಟ್ಟಿಯ ಚೂರಿಗೆ ಬೆಲೆಯಿಲ್ಲ. ಅಂಥ ನಾಯಿಯನ್ನು ಕರೆದು, ಬಂದಾಗ ಮೈದಡವಿ, ಮತ್ತೆ ಓಡಲು ಬಿಟ್ಟರೆ ಆ ಬಿಡುಗಡೆಯೇ ಬಹುಮಾನವಾಗುತ್ತದೆ. ಕಟ್ಟಿಹಾಕುವುದಕ್ಕೆಂದು ಮಾತ್ರ ಕರೆಯುವವನ ಕೂಗಿಗೆ ಯಾವ ನಾಯಿ ತಾನೆ ಓಗೊಟ್ಟೀತು?

ಏಟು ತಿಂದು ಈಗಾಗಲೇ ಅಂಜಿರುವ ನಾಯಿಯ ವಿಷಯದಲ್ಲಿ ಹಳೆಯ ಕರೆ ಕೆಟ್ಟುಹೋಗಿರುತ್ತದೆ. ಆಗ ಬೇರೊಂದು ಶಬ್ದವನ್ನೋ ಸೀಟಿಯನ್ನೋ ಆರಿಸಿಕೊಂಡು ಮೊದಲಿನಿಂದ ಆರಂಭಿಸುವುದು ಮೇಲು. ವಾರಗಳೇ ಹಿಡಿಯಬಹುದು. ನಾಯಿ ಅರ್ಧ ದಾರಿಗೆ ಬಂದು ನಿಂತು, ಯಜಮಾನನ ಕೈಯನ್ನು ನೋಡುತ್ತದೆ. ಆತನು ಮುಂದೆ ನುಗ್ಗದೆ ಕುಕ್ಕರಗಾಲಿನಲ್ಲಿ ಕುಳಿತು, ಚೂರನ್ನು ಅಂಗೈಯಲ್ಲಿಟ್ಟುಕೊಂಡು, ಉಳಿದ ಅರ್ಧ ದಾರಿಯನ್ನು ಅದು ತಾನಾಗಿ ನಡೆದುಬರುವವರೆಗೆ ಕಾಯಬೇಕಾಗುತ್ತದೆ.