ಮಾಗಡಿ ರಸ್ತೆಯ ತುದಿಯಲ್ಲೊಂದು ಊರಿದೆ, ಒಂದು ಭಾನುವಾರ ನೋಡಿ ಬನ್ನಿ

ಅತ್ತಿಗುಪ್ಪೆ, ವಿಜಯನಗರ, ಬಸವೇಶ್ವರನಗರದ ಕಡೆಯವರಿಗೆ ಮಾಗಡಿ ರಸ್ತೆ ಅಂದರೆ ನೆನಪಾಗುವುದು ಸುಮನಹಳ್ಳಿಯ ಮೇಲ್ಸೇತುವೆ, ಸುಂಕದಕಟ್ಟೆಯ ಟ್ರಾಫಿಕ್ಕು, ಅಂಗಡಿ ಬೋರ್ಡುಗಳು. ಅದೇ ರಸ್ತೆಯನ್ನು ಬಿಡದೆ ಹಿಡಿದರೆ ತಾವರೆಕೆರೆ ದಾಟಿ, ನಲವತ್ತು ಚಿಲ್ಲರೆ ಕಿಲೋಮೀಟರಿಗೆ ಮಾಗಡಿಯೇ ಸಿಗುತ್ತದೆ. ಆದರೆ ಆ ಕಡೆ ಹೋಗುವವರಲ್ಲಿ ಬಹುಪಾಲು ಜನ ಊರಿಗೆ ಮೊದಲೇ ಎಡಕ್ಕೆ ತಿರುಗಿ, ಸಾವನದುರ್ಗದ ಬಂಡೆ ಹತ್ತಿ, ಫೋಟೊ ತೆಗೆದುಕೊಂಡು ವಾಪಸಾಗುತ್ತಾರೆ. ಊರನ್ನು ಬಿಟ್ಟು ಬೆಟ್ಟವನ್ನಷ್ಟೇ ನೋಡಿದರೆ, ಆ ಬೆಟ್ಟದ ಮೇಲೆ ಅಷ್ಟೊಂದು ಕೋಟೆ ಗೋಡೆ ಏಕೆ ಎದ್ದಿತು ಎಂಬುದೇ ತಿಳಿಯುವುದಿಲ್ಲ. ಎರಡನ್ನೂ ಒಂದೇ ದಿನದಲ್ಲಿ ನೋಡಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ಹೇಗೆಂದು ಇಲ್ಲಿದೆ.

ಹೊರಡುವ ಮೊದಲು ಇಷ್ಟು ತಿಳಿದಿರಲಿ

ಹಿರಿಯ ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿದ್ದು 1537ರಲ್ಲಿ ಎಂಬುದು ಶಾಲೆಯಲ್ಲೇ ಓದಿದ್ದು. ಮುಂದಿನದು ಅಷ್ಟಾಗಿ ಯಾರಿಗೂ ನೆನಪಿರುವುದಿಲ್ಲ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದ, ಜೊತೆಯಲ್ಲಿ ಶಹಾಜಿ. ಬೆಂಗಳೂರು ಕೈತಪ್ಪಿತು. ಕೆಂಪೇಗೌಡರ ಮನೆತನ ಆಗಲೇ ತಮ್ಮ ವಶದಲ್ಲಿದ್ದ ಮಾಗಡಿಗೆ ಬಂದು ನೆಲೆಸಿತು. ಊರಿನಲ್ಲಿ ಆಳ್ವಿಕೆ, ಆಪತ್ತಿಗೆ ಸಾವನದುರ್ಗದ ಆಸರೆ. ಸುಮಾರು ತೊಂಬತ್ತು ವರ್ಷ ಹೀಗೆ ನಡೆಯಿತು. 1728ರಲ್ಲಿ ಮೈಸೂರಿನ ಸೈನ್ಯ ಮಾಗಡಿಯನ್ನೂ ದುರ್ಗವನ್ನೂ ಗೆದ್ದುಕೊಂಡು, ಕೊನೆಯ ಅರಸನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಿತು. ಬೆಂಗಳೂರು ಕಟ್ಟಿದವರ ಕಥೆ ಮುಗಿದದ್ದು ಬೆಂಗಳೂರಿನಲ್ಲಲ್ಲ, ಇಲ್ಲಿ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣಕ್ಕೂ ವಿಮಾನ ನಿಲ್ದಾಣಕ್ಕೂ ಅವರ ಹೆಸರಿಟ್ಟ ನಾವು ಈ ಊರಿಗೆ ಬರುವುದು ಮಾತ್ರ ಅಪರೂಪ.

ಯಾವಾಗ ಹೋಗಬೇಕು

ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಊರು, ದೇವಸ್ಥಾನ ನೋಡಲು ಅಡ್ಡಿಯಿಲ್ಲ, ಬೆಟ್ಟ ಮಾತ್ರ ಬೇಡ. ಒದ್ದೆ ಬಂಡೆಯ ಮೇಲೆ ಎಂಥ ಬೂಟೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಹತ್ತು ಗಂಟೆಗೆಲ್ಲ ಕಲ್ಲು ಕಾದು ಹೆಂಚಾಗುತ್ತದೆ. ಆದರೂ ಚೈತ್ರಕ್ಕೆ ಒಂದು ವಿನಾಯಿತಿ ಕೊಡಬಹುದು. ಮಾಗಡಿಗೆ ಅಂಟಿಕೊಂಡ ತಿರುಮಲೆಯ ರಂಗನಾಥಸ್ವಾಮಿಯ ತೇರು ಆಗ. ದನಗಳ ಜಾತ್ರೆಯೂ ಕೂಡುತ್ತದೆ. ಆ ದಿನಗಳಲ್ಲಿ ಬೆಟ್ಟದ ಆಸೆ ಬಿಟ್ಟು ಜಾತ್ರೆಗೆಂದೇ ಹೋಗಿ.

ಅತ್ತಿಗುಪ್ಪೆಯಿಂದ ದಾರಿ

ಸ್ವಂತ ವಾಹನವಿದ್ದರೆ ಬೆಳಿಗ್ಗೆ ಐದೂವರೆಗೆ ಹೊರಡಿ. ಚಂದ್ರಾ ಲೇಔಟ್, ನಾಗರಬಾವಿ ಮೂಲಕ ಹೊರವರ್ತುಲ ರಸ್ತೆ ಸೇರಿ, ಸುಮನಹಳ್ಳಿಯಲ್ಲಿ ಎಡಕ್ಕೆ ಹೊರಳಿದರೆ ಮಾಗಡಿ ರಸ್ತೆ. ಸುಂಕದಕಟ್ಟೆ, ಬ್ಯಾಡರಹಳ್ಳಿಯನ್ನು ಆರೂಕಾಲರೊಳಗೆ ದಾಟಿಬಿಟ್ಟರೆ ಮುಂದೆ ನಿರಾಳ. ಮೈಸೂರು ರಸ್ತೆ ಕಡೆಯಿಂದ ನೈಸ್ ರಸ್ತೆ ಹತ್ತಿ ಮಾಗಡಿ ರಸ್ತೆಯಲ್ಲಿ ಇಳಿಯುವುದೂ ಒಂದು ದಾರಿ. ಟೋಲ್ ಕಟ್ಟಬೇಕು, ಮುಂಜಾನೆಯಾದರೆ ಅದರ ಅಗತ್ಯ ಕಾಣುವುದಿಲ್ಲ.

ಬಸ್ಸಿನಲ್ಲಿ ಹೋಗುವವರು ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿಂದ ಮಾಗಡಿ ಬಸ್ಸು ಹಿಡಿಯುವುದು ಮೇಲು. ಹಿಂದಕ್ಕೆ ಹೋಗಿ ಮುಂದಕ್ಕೆ ಬಂದಂತೆ ಆಗುತ್ತದೆ, ನಿಜ. ಸುಮನಹಳ್ಳಿಯಲ್ಲೇ ಕಾದು ಹತ್ತಬಹುದು, ಆದರೆ ಸೀಟು ಸಿಗುವ ಭರವಸೆಯಿಲ್ಲ. ಒಂದೂವರೆ ಗಂಟೆ ನಿಂತು ಹೋದ ಕಾಲಿಗೆ ಆಮೇಲೆ ಬೆಟ್ಟ ಹತ್ತು ಅನ್ನುವುದು ಕಷ್ಟ. ಮಹಿಳೆಯರು ಆಧಾರ್ ಮರೆಯಬೇಡಿ, ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಹೊಸಹಳ್ಳಿಯಿಂದ ಕಡಬಗೆರೆವರೆಗಿನ ಮೆಟ್ರೊ ಮಾರ್ಗಕ್ಕೆ 2024ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಅದು ಓಡಾಡಲು ಶುರುವಾದ ಮೇಲೆ ಈ ಸಲಹೆಯನ್ನು ತಿದ್ದಿಕೊಳ್ಳಬೇಕು.

ದಾರಿಯಲ್ಲಿ ಬಲಬದಿಗೆ ತಿಪ್ಪಗೊಂಡನಹಳ್ಳಿಯ ಬೋರ್ಡು ಕಾಣುತ್ತದೆ. ಅರ್ಕಾವತಿಯೂ ಕುಮುದ್ವತಿಯೂ ಕೂಡುವ ಕಡೆ 1933ರಲ್ಲಿ ಮುಗಿದ ಜಲಾಶಯ ಅದು, ಚಾಮರಾಜಸಾಗರ. ಪಶ್ಚಿಮ ಬೆಂಗಳೂರಿನ ಹಳಬರು ಕಾವೇರಿಗಿಂತ ಮೊದಲು ಕುಡಿದದ್ದು ಈ ನೀರು. ಆಮೇಲೆ ಹೊಳೆಗೆ ಊರಿನ ಕೊಳಚೆ, ಕಾರ್ಖಾನೆಯ ಗಲೀಜು ಸೇರಿತು, ಪೂರೈಕೆ ನಿಂತಿತು. ಒಳಗೆ ಬಿಡುವುದಿಲ್ಲವಾದ್ದರಿಂದ ಅಲ್ಲಿ ಹೊತ್ತು ಕಳೆಯಬೇಡಿ.

ಮೊದಲು ಬೆಟ್ಟ

ಬಿಸಿಲಿಗೆ ಮೊದಲು ಬೆಟ್ಟ, ಬಾಗಿಲು ಹಾಕುವ ಮೊದಲು ದೇವಸ್ಥಾನ, ಸಂಜೆಗೆ ಕೋಟೆ. ದಿನದ ಲೆಕ್ಕ ಇಷ್ಟೇ.

ಮಾಗಡಿಗೆ ಮುಂಚೆಯೇ ಎಡಕ್ಕೆ ಸಾವನದುರ್ಗದ ಬೋರ್ಡು ಸಿಗುತ್ತದೆ. ಕುರುಚಲು ಕಾಡಿನ ನಡುವಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಬಂಡೆ ಎದುರಿಗೆ ಬಂದು ನಿಲ್ಲುತ್ತದೆ. ಸಮುದ್ರಮಟ್ಟದಿಂದ 1226 ಮೀಟರ್. ಎರಡು ಗುಡ್ಡಗಳಿವೆ, ಕರಿಗುಡ್ಡ, ಬಿಳಿಗುಡ್ಡ. ಚಾರಣಿಗರು ಹತ್ತುವುದು ಕರಿಗುಡ್ಡವನ್ನು. ಬಸ್ಸಿನಲ್ಲಿ ಬಂದವರು ಮಾಗಡಿ ನಿಲ್ದಾಣದಿಂದ ಆಟೊ ಮಾಡಬೇಕು. ಹೋಗುವ ಬಾಡಿಗೆಯ ಜೊತೆಗೆ ವಾಪಸಿನದ್ದನ್ನೂ ಆಗಲೇ ಮಾತಾಡಿಕೊಂಡು, ಚಾಲಕರ ಫೋನ್ ನಂಬರ್ ಇಟ್ಟುಕೊಳ್ಳಿ. ಬೆಟ್ಟದ ಬುಡದಲ್ಲಿ ಖಾಲಿ ಆಟೊ ಕಾಯುತ್ತಿರುತ್ತದೆ ಎಂದುಕೊಂಡರೆ ನಡೆಯಬೇಕಾದೀತು.

ಇದು ಅರಣ್ಯ ಇಲಾಖೆಯ ಜಾಗ. ಪ್ರವೇಶ, ಟಿಕೆಟ್, ಸಮಯದ ನಿಯಮಗಳು ಆಗಾಗ ಬದಲಾಗುತ್ತವೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದೂ ಉಂಟು. ಹಿಂದಿನ ದಿನವೇ ಇಲಾಖೆಯ ಆನ್‌ಲೈನ್ ಬುಕಿಂಗ್ ತಾಣದಲ್ಲಿ ನೋಡಿಕೊಳ್ಳಿ. ರಾತ್ರಿ ಹತ್ತುವ, ಮೇಲೆ ಟೆಂಟ್ ಹಾಕುವ ಯೋಚನೆ ಬೇಡ.

ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ, ಲಕ್ಷ್ಮೀನರಸಿಂಹಸ್ವಾಮಿ ದೇವಸ್ಥಾನಗಳಿವೆ. ಸಯ್ಯದ್ ಗುಲಾಂ ಖಾದ್ರಿಯವರ ದರ್ಗಾವೂ ಇದೆ. ಮಂಡಿನೋವಿನ ಹಿರಿಯರು ಬಂದಿದ್ದರೆ ಅವರು ಇಲ್ಲೇ ಕುಳಿತಿರಲಿ, ನೆರಳಿದೆ, ಬಂಡೆಯೂ ಇಲ್ಲಿಂದಲೇ ಪೂರ್ತಿ ಕಾಣುತ್ತದೆ.

ಹತ್ತುವ ದಾರಿಗೆ ಮೆಟ್ಟಿಲಿಲ್ಲ. ಬಂಡೆಯ ಮೇಲೆ ಬಳಿದಿರುವ ಬಾಣದ ಗುರುತೇ ದಾರಿ. ಒಂದು ಬಾಣದ ಹತ್ತಿರ ನಿಂತು, ಮುಂದಿನದು ಕಣ್ಣಿಗೆ ಬಿದ್ದ ಮೇಲೆ ಹೆಜ್ಜೆ ಇಡಿ. ಕಾಣದಿದ್ದರೆ ಹಿಂದಿನದಕ್ಕೆ ವಾಪಸು ಬನ್ನಿ. ಸುಲಭ ಕಂಡಿತೆಂದು ಪಕ್ಕಕ್ಕೆ ಸರಿದವರೇ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುವುದು. ಅರ್ಧ ದಾರಿಯಲ್ಲಿ ಕೋಟೆಯ ಗೋಡೆ ಎದುರಾಗುತ್ತದೆ. ಅಲ್ಲಿ ಒಂದೈದು ನಿಮಿಷ ನಿಂತು ಗೋಡೆಯ ಬುಡ ನೋಡಿ. ಬಂಡೆ ಎಲ್ಲಿ ಮುಗಿದು ಕಟ್ಟಡ ಎಲ್ಲಿ ಶುರುವಾಯಿತು ಎಂದು ಥಟ್ಟನೆ ಹೇಳಲಾಗದ ಹಾಗೆ, ಬೆಟ್ಟದ ಏರುತಗ್ಗಿಗೆ ತಕ್ಕಂತೆ ಕಲ್ಲು ಕೂರಿಸಿದ್ದಾರೆ. ಇಷ್ಟೆಲ್ಲ ಇದ್ದೂ 1791ರ ಡಿಸೆಂಬರ್ 21ರಂದು, ಮೂರನೇ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನ ಕಾವಲಿನಿಂದ ಇದನ್ನು ಕಿತ್ತುಕೊಂಡಿತು. ಕೆಲವು ದಿನ ಫಿರಂಗಿ ಹೊಡೆದು ಗೋಡೆ ಒಡೆದ ಮೇಲೆ ಲಗ್ಗೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಈ ಏರನ್ನು ಖಾಲಿ ಕೈಯಲ್ಲಿ ಹತ್ತಿ ಏದುಸಿರು ಬಿಡುವಾಗ ಆ ಸಂಗತಿ ನಂಬಲು ಕಷ್ಟ.

ತುದಿಯಲ್ಲಿ ನಂದಿಯ ಪುಟ್ಟ ಮಂಟಪ. ಅಭ್ಯಾಸವಿದ್ದವರಿಗೆ ಹತ್ತಲು ಎರಡು ಗಂಟೆ ಬೇಕು, ಮಕ್ಕಳಿದ್ದರೆ ಮೂರು. ತಲೆಗೆ ಎರಡು ಲೀಟರ್ ನೀರು, ಹಿಡಿತವಿರುವ ಬೂಟು, ಟೋಪಿ. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ, ಕೋತಿಗಳಿಗೆ ಕವರಿನ ಸದ್ದೇ ಸಾಕು. ಎಲ್ಲಿಯವರೆಗೆ ಧೈರ್ಯವಿದೆಯೋ ಅಲ್ಲಿಯವರೆಗೆ ಹೋಗಿ ಇಳಿದರೆ ಯಾರೂ ನಗುವುದಿಲ್ಲ. ಇಳಿಯುವುದೇ ಹತ್ತುವುದಕ್ಕಿಂತ ಕಠಿಣ ಎಂಬುದು ನೆನಪಿರಲಿ.

ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮರಬಾರ್ ಗುಹೆಗಳ ದೃಶ್ಯಗಳಿಗೆ ಈ ಬೆಟ್ಟಕ್ಕೂ ರಾಮನಗರದ ಬೆಟ್ಟಗಳಿಗೂ ಬಂದಿದ್ದರು. ಕಥೆಯಲ್ಲಿನ ಬಿಹಾರದ ಗುಹೆಗಳಾಗಿ ಮಾಗಡಿಯ ಬಂಡೆ ಬಣ್ಣ ಹಚ್ಚಿ ನಿಂತಿತು.

ಆಮೇಲೆ ಊರು

ಹತ್ತೂವರೆಗೆ ಬೆಟ್ಟ ಇಳಿದರೆ ಹನ್ನೊಂದಕ್ಕೆ ಮಾಗಡಿ. ಊಟದ ಯೋಚನೆ ಆಮೇಲೆ ಮಾಡಿ, ಮೊದಲು ತಿರುಮಲೆಗೆ ಹೋಗಿ. ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆವರೆಗೆ ಕಾಯಬೇಕಾಗುತ್ತದೆ.

ತಿರುಮಲೆ ಊರಿಗೆ ಅಂಟಿಕೊಂಡೇ ಇದೆ. ಸ್ವಾಮಿಯ ಹೆಸರು ರಂಗನಾಥ, ಆದರೆ ಮಲಗಿಲ್ಲ. ತಿರುಪತಿಯ ವೆಂಕಟೇಶನ ಹಾಗೆ ನಿಂತಿದ್ದಾನೆ. ಅದಕ್ಕೇ ಇದಕ್ಕೆ ಪಶ್ಚಿಮ ತಿರುಪತಿ ಎಂಬ ಹೆಸರೂ ಇದೆ. ಪ್ರತಿಷ್ಠೆ ಮಾಡಿದವರು ಮಾಂಡವ್ಯ ಋಷಿ ಎಂಬುದು ಸ್ಥಳಪುರಾಣ. ಮುಖ್ಯ ದರ್ಶನ ಮುಗಿಸಿ ಹಾಗೇ ಹೊರಟುಬಿಡಬೇಡಿ, ಹಿಂಬದಿಗೆ ಬನ್ನಿ. ಅಲ್ಲಿದ್ದಾನೆ ಮಲಗಿದ ರಂಗ, ಪುಟ್ಟ ವಿಗ್ರಹ. ಊರವರ ಬಾಯಲ್ಲಿ ‘ಬೆಳೆಯುವ ರಂಗ’. ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದಾನೆ ಎಂಬ ನಂಬಿಕೆ. ‘ಹೋದ ಸಲಕ್ಕಿಂತ ದೊಡ್ಡದಾಗಿಲ್ಲವೇ?’ ಎಂದು ಅಳೆಯುವ ಕಣ್ಣಿನಲ್ಲೇ ಕೇಳುವ ಅಜ್ಜಿಯರು ಅಲ್ಲಿ ಸಿಗುತ್ತಾರೆ. ಹೌದೆಂದರೆ ಅವರಿಗೆ ಸಮಾಧಾನ.

ಸೋಮೇಶ್ವರ ದೇವಸ್ಥಾನ ಇದಕ್ಕೆ ಪೂರ್ತಿ ಬೇರೆ. ಕೆಂಪೇಗೌಡರ ಮನೆತನದವರು ಕಟ್ಟಿಸಿದ್ದು. ತಿರುಮಲೆಯ ಗದ್ದಲ ಇಲ್ಲಿಲ್ಲ. ನನ್ನನ್ನು ಕೇಳಿದರೆ ಮಾಗಡಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ವಿಶಾಲವಾದ ಪ್ರಾಕಾರ, ಕಲ್ಲಿನ ಕಂಬಗಳು, ಕಾಲದ ಪೆಟ್ಟು ತಿಂದ ಗೋಪುರ. ಬೆಂಗಳೂರನ್ನು ಕಳೆದುಕೊಂಡು ಬಂದ ಅರಸರಿಗೂ ಇಷ್ಟು ಕಟ್ಟುವ ಉಮೇದು ಉಳಿದಿತ್ತಲ್ಲ ಎನಿಸುತ್ತದೆ. ಗೈಡು, ಫಲಕ ನಿರೀಕ್ಷಿಸಬೇಡಿ. ಅರ್ಚಕರು ಪುರುಸೊತ್ತಾಗಿದ್ದರೆ ಅವರನ್ನೇ ಕೇಳಿ.

ಈಗ ಊಟ. ಬಸ್ ನಿಲ್ದಾಣದ ಸುತ್ತ ತಟ್ಟೆ ಇಡ್ಲಿ, ದೋಸೆಯ ಹೋಟೆಲುಗಳೂ ಮುದ್ದೆ ಊಟದ ಮೆಸ್ಸುಗಳೂ ಇವೆ. ಬೆಟ್ಟ ಹತ್ತಿಳಿದವರು ಮುದ್ದೆಯ ಕಡೆಗೇ ಹೋಗುವುದು ಸರಿ. ಬಿಸಿಲು ಇಳಿದ ಮೇಲೆ ಊರೊಳಗಿನ ಕೋಟೆಯ ಕಡೆ ಒಂದು ಸುತ್ತು ಹಾಕಿ.

ಹೊತ್ತು ಉಳಿದರೆ

ಇನ್ನೆರಡು ಜಾಗ, ಒಂದನ್ನು ಆರಿಸಿಕೊಳ್ಳಿ. ಕೆಂಪಾಪುರದಲ್ಲಿರುವುದು ಹಿರಿಯ ಕೆಂಪೇಗೌಡರ ಸಮಾಧಿ ಎಂದು 2015ರಲ್ಲಿ ಶಾಸನದ ಆಧಾರದ ಮೇಲೆ ಗುರುತಿಸಿದ ಸಣ್ಣ ಕಲ್ಲುಕಟ್ಟಡ. ಕುಣಿಗಲ್ ಕಡೆಯಿಂದ ಹಿಂದಿರುಗುವಾಗ ಅವರು ಇಲ್ಲಿ ಮಡಿದರು ಎಂಬುದು ಅದರ ಸಾರ. ಅಲ್ಲಿಯವರೆಗೆ ಊರಿನವರಿಗೇ ಅದು ಯಾರ ಮಂಟಪವೆಂಬ ಗೊಡವೆ ಇರಲಿಲ್ಲ.

ನಾನಾದರೆ ಕಲ್ಯಕ್ಕೆ ಹೋಗುತ್ತೇನೆ. ಜೈನರೂ ಶರಣರೂ ಬಾಳಿದ ಹಳೆಯ ಊರು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡೂ ದರ್ಶನಕ್ಕೆ ಭೇದವಿಲ್ಲವೆಂದು ತೀರ್ಪು ಕೊಟ್ಟದ್ದು ಪ್ರಸಿದ್ಧ. ಅದರ ಶಾಸನ ಶ್ರವಣಬೆಳಗೊಳದಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಕಲ್ಯದಲ್ಲೂ ಅದೇ ತೀರ್ಪಿನ ಶಾಸನ ಸಿಕ್ಕಿದೆ. ದೂರು ಒಯ್ದ ಜೈನರ ಊರುಗಳ ಪಟ್ಟಿಯಲ್ಲಿ ಈ ಊರಿನ ಹೆಸರೂ ಇದೆ. ಮಾಗಡಿ ನಿಲ್ದಾಣದಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಮಂಚನಬೆಲೆ ಜಲಾಶಯಕ್ಕೆ ಹೋಗೋಣ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ದಡದಿಂದ ನೋಡಿ, ನೀರಿಗೆ ಮಾತ್ರ ಇಳಿಯಬೇಡಿ. ಈಜಲು ಹೋಗಿ ಸತ್ತವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ವರ್ಷಾವರ್ಷ ಬರುತ್ತದೆ.

ವಾಪಸು ಬರುವಾಗ

ಐದಕ್ಕೆಲ್ಲ ಮಾಗಡಿ ಬಿಡಿ. ಭಾನುವಾರ ಸಂಜೆ ತಾವರೆಕೆರೆಯಿಂದ ಸುಂಕದಕಟ್ಟೆವರೆಗೆ ವಾಹನಗಳು ತೆವಳುತ್ತವೆ.

ಡಿಸೆಂಬರ್, ಜನವರಿಯಲ್ಲಿ ಹೋಗಿದ್ದರೆ ದಾರಿಬದಿಯ ಅವರೆಕಾಯಿ ರಾಶಿಯ ಹತ್ತಿರ ಗಾಡಿ ನಿಲ್ಲಿಸದೆ ಬರಬೇಡಿ. ಬೆಂಗಳೂರಿನ ಮಾರುಕಟ್ಟೆಗಳಲ್ಲಿ ‘ಮಾಗಡಿ ಅವರೆ’ ಎಂದು ಕೂಗಿ ಮಾರುವುದು ಇದನ್ನೇ. ಮೊದಲು ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯಿರಿ: ಸೊಗಡು ಮೂಗಿಗೆ ಹೊಡೆಯಬೇಕು, ಸಿಪ್ಪೆ ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟಬೇಕು. ಒಂದೆರಡು ಕಾಯಿ ಬಿಡಿಸಿ ನೋಡಿ. ಹುಳು ಇರಬಾರದು, ಕಾಳು ತುಂಬಿರಬೇಕು. ಬಿಡಿಸಿಟ್ಟ ಕಾಳಿಗಿಂತ ಕಾಯಿಯೇ ಲೇಸು, ಮನೆಯಲ್ಲಿ ಟಿ.ವಿ. ಮುಂದೆ ಕೂತು ಎಲ್ಲರೂ ಬಿಡಿಸಬಹುದು. ಹಿತಕಿದ ಬೇಳೆ ಸಾರು ಮಾಡುವ ಮನೆಯವರಾದರೆ ಅಂದುಕೊಂಡದ್ದಕ್ಕಿಂತ ಒಂದು ಕೆ.ಜಿ. ಹೆಚ್ಚೇ ತನ್ನಿ. ನೆನೆಸಿ ಹಿತಕಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವುದು ಬಹಳ ಕಡಿಮೆ.